ಅಮಾವಾಸ್ಯೆ ನುಂಗಿದ ಹೆಸರುಗಳು

ಕಾರ್ತಿಕದ ಅಮಾವಾಸ್ಯೆ ಕಳೆದ ಮಾರನೆಯ ಬೆಳಿಗ್ಗೆ, ಶುಕ್ರವಾರ, ಹಿಪ್ಪುನೇರಳೆ ತೋಟಗಳ ಮೇಲೆ ಮಂಜು ಇನ್ನೂ ಕೂತಿದ್ದ ಹೊತ್ತು. ಬಂಡಳ್ಳಿಯ ಪುಟ್ಟಮಲ್ಲಪ್ಪ ಮಾದಪ್ಪನ ಬೆಟ್ಟದಿಂದ ಬರುವ ಬಸ್ಸಿನಲ್ಲಿ ಹನೂರಿನಲ್ಲಿ ಇಳಿಯದೆ ನೇರ ಕೊಳ್ಳೇಗಾಲಕ್ಕೇ ಬಂದಿಳಿದ. ಅಂದು ಸಂಘದಲ್ಲಿ ಚಾಕಿ ಹಂಚುವ ದಿನ. ಅವನು ಸಂಘದ ಡೈರೆಕ್ಟರುಗಳಲ್ಲಿ ಒಬ್ಬ. ಹನೂರಿನ ಕಡೆಯ ಡೈರೆಕ್ಟರ್ ಒಬ್ಬನಾದರೂ ಎದುರಿಗೆ ನಿಂತಿರಬೇಕು ಎಂಬುದು ಅವನ ಲೆಕ್ಕ.

ಸಂಘವೆಂದರೆ ರೇಷ್ಮೆ ಬೆಳೆಗಾರರ ಸಂಘ. ಮೊಟ್ಟೆ ತರಿಸಿ, ಮರಿ ಮಾಡಿಸಿ, ಹುಳು ಎರಡನೇ ಜ್ವರ, ಎಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಏಳುವ ತನಕ ಸಾಕಿ, ಆಮೇಲೆ ಬೆಳೆಗಾರರಿಗೆ ಸರದಿಯಂತೆ ಕೊಡುವುದು ಅದರ ಕೆಲಸ. ಆ ಎಳೆ ಹುಳುವೇ ಚಾಕಿ. ಸರದಿ ಗೊತ್ತಾದ ಮೇಲೆ ಬೆಳೆಗಾರ ತೋಟ ಕತ್ತರಿಸಿ ಸೊಪ್ಪನ್ನು ಆ ದಿನಕ್ಕೆ ಸರಿಯಾಗಿ ಚಿಗುರಿಸಿಕೊಳ್ಳುತ್ತಾನೆ, ಹುಳುಮನೆ ತೊಳೆದು ರೋಗ ಬಾರದಂತೆ ಪುಡಿ ಎರಚಿ ಇಟ್ಟುಕೊಳ್ಳುತ್ತಾನೆ. ಹುಳು ಬರದಿದ್ದರೆ ಸೊಪ್ಪು ಕಾಯುತ್ತದೆಯೇ? ಬಲಿತು ಚಕ್ಕೆಯಾಗಿ ಆಡು ಕುರಿಯ ಬಾಯಿಗೆ ಹೋಗುತ್ತದೆ.

ಗೇಟಿನ ಹತ್ತಿರ ಬರುವಾಗ ಪುಟ್ಟಮಲ್ಲಪ್ಪನ ಎದುರಿಗೆ ಯಳಂದೂರಿನವರ ಆಟೋ ಒಂದು ಒದ್ದೆ ಬಟ್ಟೆ ಮುಚ್ಚಿದ ಹುಳುವಿನ ತಟ್ಟೆಗಳನ್ನು ಹೇರಿಕೊಂಡು ನಿಂತಿತ್ತು. ಅದರಿಂದಿಳಿದ ಯುವಕನೊಬ್ಬ ಹಸಿರು ಅಂಚಿನ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಆಫೀಸಿನ ಕಿಟಕಿಯೊಳಗೆ ಕೊಟ್ಟ. ಒಳಗಿನ ಕೈ ಅದನ್ನು ಬೇಗನೆ ತೆಗೆದುಕೊಂಡಿತು. ಯುವಕ ಮತ್ತೆ ಹತ್ತಿದ, ಆಟೋ ಹೋಯಿತು. ಆ ಯುವಕ ರಂಗನಾಥ, ಯಳಂದೂರಿನ ಬೆಳೆಗಾರ. ಒಳಗಿನ ಕೈ ಅವನ ತಂಗಿ ರೂಪಳದು. ಸಂಘದ ಕಂಪ್ಯೂಟರ್ ಮುಂದೆ ಕೂರುವವಳು ಅವಳೇ.

ಪುಟ್ಟಮಲ್ಲಪ್ಪ ಅದನ್ನು ನೋಡಿದ, ಮನಸ್ಸಿನಲ್ಲಿ ಇಟ್ಟುಕೊಂಡ. ಅವನು ಕಾಡಂಚಿನ ಹೊಲದಲ್ಲಿ ಅಟ್ಟಣೆಯ ಮೇಲೆ ಕೂತು ಹಂದಿ ಕಾದು ಬೆಳೆದ ಮನುಷ್ಯ. ಕಂಡದ್ದನ್ನೆಲ್ಲ ತಕ್ಷಣ ಕೂಗಿ ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಕೌಂಟರಿನ ಮುಂದೆ ಹೂಗ್ಯದ ದೊಡ್ಡಮಾದಪ್ಪ ಖಾಲಿ ತಟ್ಟೆಗಳನ್ನು ನೆಲಕ್ಕೆ ಕುಕ್ಕಿ ನಿಂತಿದ್ದ.

"ಎಸ್ರೇ ಇಲ್ಲ ಅಂದ್ರ ಏನವ್ವ ಅರ್ಥ? ಈ ಕಣ್ಣಲ್ಲೇ ನೋಡಿವ್ನಿ ಕನಾ!"

"ಮಾದಪ್ಪಣ್ಣ, ಬರೆದವಳೇ ನಾನು. ನಂಗೂ ಜ್ಞಾಪಕ ಅದೆ. ಆದ್ರೆ ಈಗ ಇದ್ರಲ್ಲಿ ಇಲ್ಲ," ಎಂದಳು ರೂಪ.

"ನನ್ ಹುಳ ಎಲ್ಲೋಯ್ತು?"

"ಪಟ್ಟಿಲಿ ಹೆಸ್ರಿಲ್ದೆ ಹುಳ ಮಿಕ್ತು. ಸೆಕ್ರೆಟರಿಗೆ ಫೋನ್ ಮಾಡ್ದೆ. ಕಾದಿರೋರ್‌ಗೆ ಕೊಟ್ಬುಡು ಅಂದ್ರು."

"ಕಾದಿದ್ದೋರು ಯಾರು? ನಿನ್ನಣ್ಣ! ಓ ಪುಟ್ಟಮಲ್ಲಪ್ಪ, ಬಂದ್ಯಾ? ಕೇಳಪ್ಪ ಇವ್ಳ. ಎಸ್ರು ಬರ್ಸುವಾಗ ನೀನೂ ಇದ್ದಲ್ಲಾ?"

ಪುಟ್ಟಮಲ್ಲಪ್ಪ ಇದ್ದ. ಓದಿದ್ದು ಕಮ್ಮಿಯಾದರೂ ಅಕ್ಷರ ಕೂಡಿಸಲು ಬರುತ್ತಿತ್ತು. ದೊಡ್ಡಮಾದಪ್ಪ, ಹೂಗ್ಯಂ ಎಂದು ಪರದೆಯ ಮೇಲೆ ಇದ್ದುದನ್ನು ಬೆರಳಿಟ್ಟು ಓದಿದ್ದ. ಈಗ ಬಗ್ಗಿ ನೋಡಿದ. ಯಳಂದೂರಿನವರ ಪುಟ ತುಂಬಿತ್ತು. ಹನೂರಿನವರ ಪುಟ ತೊಳೆದಿಟ್ಟ ತಟ್ಟೆಯ ಹಾಗೆ ಬೋಳಾಗಿತ್ತು.

ಇದು ಮೊದಲ ಸಲವೂ ಅಲ್ಲ. ದೀಪಾವಳಿ ಅಮಾವಾಸ್ಯೆ ಆದ ಮೇಲೆ ರಾಮಾಪುರದ ಕಡೆಯವರ ಹೆಸರೂ ಹೀಗೇ ಕಾಣೆಯಾಗಿತ್ತು. ಆಗ ಬರೆಸಿಲ್ಲವೇನೋ ಎಂದು ಅವರ ಮೇಲೇ ತಪ್ಪು ಹೊರಿಸಿ ಕಳಿಸಿದ್ದರು. ಅಮಾವಾಸ್ಯೆ ಎಂದರೆ ಹನೂರಿನ ಕಡೆಯವರೆಲ್ಲ ಬೆಟ್ಟದಲ್ಲಿರುತ್ತಾರೆ. ಸಂಘಕ್ಕೆ ರಜೆ. ಬೀಗದ ಕೈ ಮಾತ್ರ ರೂಪಳ ಹತ್ತಿರ. ಅವಳ ಮನೆಯವರು ಬಿಳಿಗಿರಿ ರಂಗನ ಒಕ್ಕಲು, ಅಮಾವಾಸ್ಯೆಗೆ ಬೆಟ್ಟ ಹತ್ತುವ ಗೋಜು ಅವಳಿಗಿಲ್ಲ. ಅವತ್ತು ಒಬ್ಬಳೇ ಬಂದು ದೀಪ ಹಚ್ಚಿ ಹೋಗುತ್ತಾಳೆ. ಒಬ್ಬಳೇ.

ಮಧ್ಯಾಹ್ನ ಬಂದ ಸೆಕ್ರೆಟರಿ ಶಿವಕುಮಾರಸ್ವಾಮಿ ಮಾತನ್ನು ಉದ್ದ ಮಾಡಲಿಲ್ಲ. "ಬೀಗದ ಕೈ ಯಾರ ಹತ್ರ ಇತ್ತು? ಹುಳ ಯಾರ ಮನೆಗೆ ಹೋಯ್ತು? ಇನ್ನೇನ್ರಿ ಬೇಕು? ಸೋಮವಾರ ಸಭೆ ಕರೀತೀನಿ. ಕೆಲಸದಿಂದ ತೆಗೆದು, ಯಾಕೆ ತೆಗೆದ್ವಿ ಅಂತ ಇಲಾಖೆಗೂ ತಿಳಿಸೋದು."

ಹಾಗೆ ತಿಳಿಸಿದ ಮೇಲೆ ಆ ಹುಡುಗಿಯನ್ನು ಕೊಳ್ಳೇಗಾಲದಲ್ಲಾಗಲಿ ಯಳಂದೂರಿನಲ್ಲಾಗಲಿ ಯಾರೂ ಕೆಲಸಕ್ಕೆ ಸೇರಿಸುವುದಿಲ್ಲ. ಕಳ್ಳಿ ಎಂಬ ಹೆಸರು ಅವಳಿಗಿಂತ ಮುಂಚೆ ಹೋಗಿ ಬಾಗಿಲಲ್ಲಿ ನಿಂತಿರುತ್ತದೆ. ಅದು ಪುಟ್ಟಮಲ್ಲಪ್ಪನಿಗೂ ಗೊತ್ತಿತ್ತು.

"ಸೋಮಾರದ ತಂಕ ನಾ ಅವ್ಳ್ ಪಕ್ಕ ಕೂತಿರ್ತೀನಿ ಸಾ," ಎಂದ.

"ಯಾಕೆ, ಕನಿಕರಾನಾ?"

"ಇಲ್ಲ ಸಾ. ಕಳ್ಳಿ ಅಂದ್ಮೇಲೆ ಕದಿಯೋದ್ನ ಒಂದ್ಸಲ ನೋಡ್ಬೇಕಲ್ಲ."

ಅವತ್ತಿನಿಂದಲೇ ಕುರ್ಚಿ ಎಳೆದುಕೊಂಡು ಕೂತ. ಅವಳ ಮುಖ ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದ. ಬೆರಳು ಒಮ್ಮೆ ಹಿಂದಕ್ಕೆ ಹೋಗಿ ಟಕಟಕ ಎಂದಿತು.

"ಅದೇನ್ ಅಳಿಸ್ದೆ ಕೂಸೇ?"

"ತಪ್ಪು ಅಕ್ಷರ ತಾತ."

"ತಪ್ಪೋ ಸರಿನೋ ನಂಗೇನ್ ಗೊತ್ತು. ನೀ ಏಳ್ದಂಗೆ."

"ಹಾಗಾದ್ರೆ ನೀವೇ ಒತ್ತಿ. ನಾ ಹೇಳ್ತೀನಿ."

"ನಾ ಒತ್ತುದ್ರ ನಾಳೆ ನಾನೇ ಅಳಿಸ್ದೆ ಅಂತೀಯ."

ರೂಪಳಿಗೆ ನಗು ಬಂದು, ಬಂದ ಹಾಗೇ ನಿಂತಿತು. ಆಮೇಲೆ ಅವಳು ಫೋನನ್ನು ಪರದೆಯ ಹತ್ತಿರ ಹಿಡಿದು ಫೋಟೋ ತೆಗೆದಳು, ಯಾರಿಗೋ ಕಳಿಸಿದಳು, ಬೋರಲಾಗಿ ಇಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿ ನೋಡಿದಳು. ಉತ್ತರ ಬಂದಂತೆ ಕಾಣಲಿಲ್ಲ. ಯಾರಿಗೆ ಕಳಿಸುತ್ತಿದ್ದಾಳೆ? ಅಣ್ಣನಿಗೋ? ಸಾಯಂಕಾಲ ಅಣ್ಣ ಬೈಕಿನಲ್ಲಿ ಬಂದ. ಹುಣಸೆಮರದ ಕೆಳಗೆ ನಿಂತು ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡಿದರು. ಪುಟ್ಟಮಲ್ಲಪ್ಪ ನೀರು ಕುಡಿಯುವ ನೆಪದಲ್ಲಿ ಕೊಳಾಯಿಯ ತನಕ ಹೋದ. ಕಿವಿಗೆ ಬಿದ್ದದ್ದು ಒಂದೇ ಮಾತು: "ಬುಟ್ಬುಟ್ಟು ಬಾ ಅತ್ಲಾಗಿ." ಏನನ್ನು ಬಿಡುವುದು? ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡ.

ಶನಿವಾರ ಬೆಳಿಗ್ಗೆ ಮೈಸೂರಿನಿಂದ ಶಾಂತಮೂರ್ತಿ ಬಂದ. ಕಂಪ್ಯೂಟರಿನೊಳಗಿನ ಸರದಿಯ ವ್ಯವಸ್ಥೆಯನ್ನು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವರು ಇಬ್ಬರು. ಯಳಂದೂರಿನ ಪುಟ ಹಳೆಯದು, ಬರೆದವನು ಎಂದೋ ಊರು ಬಿಟ್ಟಿದ್ದ. ಹನೂರು ಬೇರೆ ತಾಲ್ಲೂಕಾದ ಮೇಲೆ ಅವರಿಗೂ ಬೇರೆ ಪುಟ ಬೇಕೆಂದು ಕೇಳುತ್ತಾ ಬಂದು, ಈ ಸಲದ ದಸರೆಗೆ ಅದನ್ನು ಬರೆದು ಕೊಟ್ಟವನು ಶಾಂತಮೂರ್ತಿ.

ಅವನು ಕೂತು, ಏನೇನೋ ತೆರೆದು ನೋಡಿ, ಕೈ ಒರೆಸಿಕೊಂಡ. "ಅಳಿಸಿರೋ ಗುರುತೇ ಇಲ್ಲ. ಅಳಿಸೋಕೆ ಮೊದಲು ಬರೆದಿರಬೇಕಲ್ಲ. ಹೆಸರು ಹಾಕೇ ಇಲ್ಲ ಇವರು."

"ಹಾಕಿದ್ದೀನಿ ಸರ್," ಎಂದಳು ರೂಪ.

"ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗಿ ಓಡ್ತಾ ಇದೆಯಲ್ಲಮ್ಮ. ನೋಡು ಬೇಕಾದ್ರೆ."

"ನಿಮ್ಮ ಲ್ಯಾಪ್‌ಟಾಪಲ್ಲಿ ಸರ್. ಇದ್ರಲ್ಲಿ ದಿನಾ ಪುಟ ತೆರೆಯುವಾಗ ಏನೋ ತಪ್ಪಿದೆ ಅಂತ ಕೆಂಪು ಸಾಲು ಬರುತ್ತೆ. ದೀಪಾವಳಿಯಿಂದ ಫೋಟೋ ಕಳಿಸ್ತಿದ್ದೀನಿ. ನಿನ್ನೇನೂ ಕಳಿಸ್ದೆ. ಪರವಾಗಿಲ್ಲ ಬಿಡಿ ಅಂತ ಒಂದ್ಸಲ ಬರೆದ್ರಿ, ಆಮೇಲೆ ಅದೂ ಇಲ್ಲ."

ಶಾಂತಮೂರ್ತಿ ತನ್ನ ಫೋನಿನ ಕಡೆ ನೋಡಿದ. ಪುಟ್ಟಮಲ್ಲಪ್ಪ ಶಾಂತಮೂರ್ತಿಯ ಕಡೆ ನೋಡಿದ. ಅವಳು ಬೋರಲಾಗಿಟ್ಟ ಫೋನಿನಿಂದ ಫೋಟೋ ಹೋದದ್ದು ಇವನಿಗೋ! ಅಟ್ಟಣೆಯ ಮೇಲಿದ್ದಾಗ ಒಂದು ಕಡೆ ಪೊದೆ ಅಲ್ಲಾಡಿದರೆ ಇನ್ನೊಂದು ಕಡೆಯೂ ಕಣ್ಣಿಡಬೇಕು. ಹೆಸರು ಹಾಕೇ ಇಲ್ಲ ಎನ್ನುತ್ತಾನೆ ಇವನು. ತಾನೋ ಬೆರಳಿಟ್ಟು ಓದಿದ್ದಾನೆ. ಅಂದರೆ ತನ್ನ ಕಣ್ಣು ಸುಳ್ಳು, ಇಲ್ಲವೇ ಇವನ ಬಾಯಿ.

"ಸಾ, ಒಂದ್ ಕೆಲ್ಸ ಮಾಡವಾ," ಎಂದ. "ಕೂಸೇ, ಅಮಾಸೆ ದಿನ ನೀ ಬಂದು ಏನೇನ್ ಮಾಡ್ದೆ, ಒಂದೂ ಬುಡ್ದೆ ಏಳು."

"ಬಾಗಿಲು ತೆಗ್ದೆ. ನೀರು ಹಾಕ್ದೆ. ಪೂಜೆ ಮಾಡ್ದೆ. ಬ್ಯಾಟರಿ ಆರ್ಸಿ, ಮೈನ್ ಎಳ್ದು, ಬೀಗ ಹಾಕ್ದೆ."

"ಮೈನ್ ಯಾಕೆ ಎಳೀತೀರಿ?" ಶಾಂತಮೂರ್ತಿ ಕೇಳಿದ.

ಅದೇನು ಕೇಳುವ ಮಾತು ಎಂಬಂತೆ ಇಬ್ಬರೂ ಅವನನ್ನು ನೋಡಿದರು. ಅಮಾವಾಸ್ಯೆ ದಿನ ಏರು ಕಟ್ಟುವುದಿಲ್ಲ, ಗಾಡಿ ಹೂಡುವುದಿಲ್ಲ. ಸಂಘ ಶುರುವಾದಾಗಿನಿಂದ ಅವತ್ತು ಒಳಗಿನ ಯಾವ ಯಂತ್ರವೂ ಓಡಬಾರದು ಎಂಬ ಕಟ್ಟಳೆಯಿತ್ತು. ಬೇರೆ ದಿನ ಕರೆಂಟು ಹೋದರೂ ಬ್ಯಾಟರಿ ಹಿಡಿದುಕೊಳ್ಳುತ್ತಿತ್ತು. ಕಂಪ್ಯೂಟರು ಪೂರ್ತಿ ಆರುತ್ತಿದ್ದುದು ಅಮಾವಾಸ್ಯೆಗೆ ಮಾತ್ರ.

ಪುಟ್ಟಮಲ್ಲಪ್ಪನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವನಿಗೆ ಬೇಕಾದದ್ದು ಕೈ. ಯಾರ ಕೈ ಎಲ್ಲಿ ಆಡಿತು ಎಂಬುದು. "ಅದ್ನೇ ಈಗ ನನ್ ಮುಂದೆ ಮಾಡವಾ. ಎರಡ್ ಎಸ್ರು ಬರಿ ಕೂಸೇ. ಹನೂರ್ ಪುಟಕ್ಕೆ ಕೆಂದ, ಬಂಡಳ್ಳಿ."

"ಕೆಂದ ಯಾರು ತಾತ?"

"ನಮ್ಮೆತ್ತು. ಯಳಂದೂರ್ ಪುಟಕ್ಕೆ ನಮ್ ನಾಯಿ ಎಸ್ರು ಹಾಕು, ಕರಿಯ."

"ನಾಯೀನ ಯಳಂದೂರಿಗೇ ಹಾಕ್ಬೇಕಾ?"

"ಎತ್ತು ನಮ್ದು ಕನವ್ವ, ಬುಟ್ಕೊಡಕಾದ್ದಾ?"

ಎರಡೂ ಪರದೆಯ ಮೇಲೆ ಬಂದವು. ಪುಟ್ಟಮಲ್ಲಪ್ಪ ಬೆರಳಿಟ್ಟು ಓದಿಕೊಂಡ. ಆಮೇಲೆ ರೂಪಳನ್ನು ಹೊರಗೆ ಜಗಲಿಯ ಮೇಲೆ ಕೂರಿಸಿ, ಅವಳ ಫೋನನ್ನು ತನ್ನ ಚೀಲಕ್ಕೆ ಹಾಕಿಕೊಂಡ. ಶಾಂತಮೂರ್ತಿಯ ಲ್ಯಾಪ್‌ಟಾಪನ್ನೂ ಮುಚ್ಚಿಸಿ, ಗೋಡೆಗೆ ಒರಗಿ ಕೈ ಕಟ್ಟಿ ನಿಲ್ಲುವಂತೆ ಹೇಳಿದ. ಮೈಸೂರಿನ ಮನುಷ್ಯನಿಗೆ ಅವಮಾನವಾದಂತೆ ಕಂಡಿತು. ಆದರೂ ನಿಂತ. ಬ್ಯಾಟರಿ ಆರಿಸಿದ್ದು, ಮೈನ್ ಎಳೆದದ್ದು, ಮತ್ತೆ ಹಾಕಿದ್ದು ಎಲ್ಲವೂ ಪುಟ್ಟಮಲ್ಲಪ್ಪನೇ. ಕಂಪ್ಯೂಟರು ತಾನೇ ಎದ್ದು ಕೂತಿತು. ರೂಪಳನ್ನು ಒಳಗೆ ಕರೆದು ಪುಟ ತೆರೆಯಲು ಹೇಳಿದ.

ಯಳಂದೂರಿನ ಪುಟದ ಕೊನೆಯಲ್ಲಿ ಕರಿಯ ಇದ್ದ. ಹನೂರಿನ ಪುಟದಲ್ಲಿ ಕೆಂದ ಇರಲಿಲ್ಲ.

ಪುಟ್ಟಮಲ್ಲಪ್ಪ ಬೆರಳಿಟ್ಟು ಪುಟವನ್ನು ಮೇಲಿನಿಂದ ಕೆಳಗಿನ ತನಕ ಹುಡುಕಿದ. ಯಾರ ಕೈಯೂ ಆಡಿರಲಿಲ್ಲ. ಆಡಿದ್ದರೆ ಅದು ತನ್ನ ಕೈಯೇ.

"ಇನ್ನೊಂದ್ಸಲ," ಎಂದ. ಇನ್ನೊಂದು ಸಲವೂ ಹಾಗೇ ಆಯಿತು.

ಶಾಂತಮೂರ್ತಿ ಈಗ ಕೈ ಕಟ್ಟಿ ನಿಂತಿರಲಿಲ್ಲ. ಕುರ್ಚಿಗೆ ಬಂದು ಕೂತು ಆ ಕೆಂಪು ಸಾಲನ್ನು ಮೊದಲ ಸಲ ಎಂಬಂತೆ ಓದಿದ. ಒಂದು ಕಡತದೊಳಗಿಂದ ಇನ್ನೊಂದಕ್ಕೆ ಇಳಿಯುತ್ತಾ ಹೋಗಿ, ಕೊನೆಗೆ ಹಣೆಗೆ ಕೈ ಹಚ್ಚಿದ.

"ಯಜಮಾನ್ರೆ, ನನ್ನದೇ ತಪ್ಪು. ಪರದೆ ಮೇಲೆ ಹಾಕಿದ ಹೆಸರನ್ನ ತಗೊಂಡು ಹೋಗಿ ಡಿಸ್ಕಿಗೆ ಬರೆಯೋಕೆ ಅಂತ ಒಂದು ಲೈಬ್ರರಿ ಇರುತ್ತೆ. ಯಾರೋ ಮಾಡಿಟ್ಟಿರೋ ಕೆಲಸ, ನಾವು ತಂದು ಸೇರಿಸ್ಕೋತೀವಿ. ನಾನು ಹನೂರಿನ ಪುಟಕ್ಕೆ ಹೊಸದನ್ನ ತಂದೆ. ಹಳೇದೊಂದು ಮೊದ್ಲೇ ಇಲ್ಲಿ ಎಲ್ಲರಿಗೂ ಅಂತ ಇರೋ ಜಾಗದಲ್ಲಿ ಕೂತಿದೆ. ನನ್ನ ಲ್ಯಾಪ್‌ಟಾಪಲ್ಲಿ ಹಳೇದು ಇಲ್ಲ. ಅದಕ್ಕೇ ಅಲ್ಲಿ ಸರಿ ಓಡ್ತು."

"ಎರಡ್ ಇದ್ರ ಏನಾಯ್ತು? ಇಬ್ರು ಆಳು, ಕೆಲ್ಸ ಬೇಗ ಆಯ್ತದೆ."

"ಆಗಲ್ಲ. ಹೆಸರು ಇಟ್ಕೊಂಡಿರೋದು ಹೊಸದು. ಮುಗೀತು, ಬರೆದುಬಿಡು ಅನ್ನೋ ಅಪ್ಪಣೆ ಹೋಗೋದು ಹಳೇದಕ್ಕೆ. ಹಳೇದರ ಕೈಲಿ ಏನೂ ಇಲ್ಲ, ಸರಿ ಅಂತ ಸುಮ್ಮನಾಗುತ್ತೆ. ಹೊಸದು ಅಪ್ಪಣೆಗೆ ಕಾಯ್ತಾನೇ ಇರುತ್ತೆ. ಹೆಸರು ಮಧ್ಯದಲ್ಲೇ ನಿಂತಿರುತ್ತೆ. ಯಂತ್ರ ಓಡ್ತಿರೋ ತನಕ ಅಲ್ಲಿಂದಲೇ ಪರದೆಗೆ ತೋರ್ಸುತ್ತೆ. ಆರಿಸಿದ ಕೂಡ್ಲೇ ಹೋಯ್ತು. ದಸರೆಯಿಂದ ಹನೂರಿನ ಕಡೆಯ ಒಂದು ಹೆಸರೂ ಡಿಸ್ಕಲ್ಲಿ ಇಲ್ಲ."

ಪುಟ್ಟಮಲ್ಲಪ್ಪ ತಲೆಯಾಡಿಸಲಿಲ್ಲ. ಮಾತು ಚೆನ್ನಾಗಿತ್ತು. ಮಾತು ಚೆನ್ನಾಗಿರುವವರನ್ನು ಅವನು ಬಹಳ ಜನ ನೋಡಿದ್ದ.

ರೂಪ ಮೆಲ್ಲಗೆ ಹೇಳಿದಳು: "ತಾತ, ಬೇರೆ ಬೇರೆ ದಿನದ ಹುಳ ಒಂದೇ ತಟ್ಟೆಗೆ ಬಿಟ್ರೆ ಏನಾಗುತ್ತೆ? ಒಂದು ಜ್ವರಕ್ಕೆ ಕೂತಿರುತ್ತೆ, ಒಂದು ಸೊಪ್ಪಿಗೆ ಬಾಯಿ ಬಿಡ್ತಿರುತ್ತೆ. ಯಾವುದ್ನ ನೋಡಿ ಸೊಪ್ಪು ಹಾಕ್ತೀರಾ?"

"ಒಂದ್ ಸಾಯ್ತದೆ," ಎಂದ ಪುಟ್ಟಮಲ್ಲಪ್ಪ. ಈಗ ಅರ್ಥವಾಯಿತು. ಒಪ್ಪಿದ್ದು ಮಾತ್ರ ಇನ್ನೂ ಇಲ್ಲ.

ಅವತ್ತು ದಿನವೆಲ್ಲ ಶಾಂತಮೂರ್ತಿ ಎದ್ದೇಳಲಿಲ್ಲ. ಹಳೆಯ ಲೈಬ್ರರಿಯನ್ನು ಆ ಜಾಗದಿಂದ ತೆಗೆದ. ತೆಗೆದ ಕೂಡಲೇ ಯಳಂದೂರಿನ ಪುಟ ತೆರೆಯುವುದನ್ನೇ ನಿಲ್ಲಿಸಿತು. ಅದು ಹಳೆಯದರ ಮಾತಿಗೆ ಒಗ್ಗಿಹೋಗಿತ್ತು. ಹಳೆಯದನ್ನು ಮತ್ತೆ ತಂದಿಟ್ಟ, ಹನೂರಿನದು ಮತ್ತೆ ಕೆಟ್ಟಿತು. ಕೊನೆಗೆ ಒಂದೇ ಇರಲಿ, ಹೊಸದೇ ಇರಲಿ ಎಂದು ಯಳಂದೂರಿನ ಪುಟವನ್ನು ಹೊಸದರ ರೀತಿಗೆ ಸಾಲುಸಾಲಾಗಿ ತಿದ್ದುತ್ತಾ ಕೂತ. ಎಲ್ಲಿ ಏನು ಕೆಡುತ್ತಿದೆ ಎಂದು ರೂಪ ಪರದೆ ನೋಡಿ ಹೇಳುತ್ತಿದ್ದಳು. ಮಧ್ಯದಲ್ಲಿ ಅವಳು ಬಟ್ಟೆಯ ಗಂಟು ಬಿಚ್ಚಿ, ಮುದ್ದೆ ಮುರಿದು, ಶಾಂತಮೂರ್ತಿಗೂ ಒಂದು ಪಾಲು ಇಟ್ಟಳು. ಪುಟ್ಟಮಲ್ಲಪ್ಪನನ್ನೂ ಕರೆದಳು. ಅವನು ಚೀಲದಲ್ಲಿದ್ದ ಪ್ರಸಾದವೇ ಸಾಕೆಂದ.

ಹೊತ್ತು ಇಳಿಯುವಾಗ ಪುಟ್ಟಮಲ್ಲಪ್ಪ ಕೆಂದನ ಹೆಸರನ್ನು ಮತ್ತೆ ಹಾಕಿಸಿದ. ಮೈನ್ ಎಳೆದ, ಹಾಕಿದ. ಕೆಂದ ಇದ್ದ. ಮತ್ತೆ ಎಳೆದ. ಇದ್ದ.

"ಸಾಕು ಬಿಡಿ ಯಜಮಾನ್ರೆ, ಮಿಷನ್ ಸುಟ್ಟುಹೋಗುತ್ತೆ," ಎಂದ ಶಾಂತಮೂರ್ತಿ.

"ನಿಮ್ಮೆತ್ತಿಗೆ ಚಾಕಿ ಕೊಡೋಕೆ ಬರೆದೇ ಇಟ್ಕೊಳ್ಲಾ ತಾತ?" ಎಂದಳು ರೂಪ. ಎರಡು ದಿನದಲ್ಲಿ ಅವಳು ಬಾಯಿ ತುಂಬ ನಕ್ಕದ್ದು ಆಗಲೇ.

ಸೋಮವಾರ ಸಭೆ ಸೇರಿತು. ಶಾಂತಮೂರ್ತಿ ಎದ್ದು ನಿಂತು ತಪ್ಪು ತನ್ನದೇ ಎಂದು ಒಪ್ಪಿಕೊಂಡು ಎಲ್ಲವನ್ನೂ ಹೇಳಿದ. ಜನ ಕೇಳಿದರು. ಕೇಳಿದ್ದೆಲ್ಲ ಕಿವಿಯಿಂದ ಒಳಗೆ ಇಳಿಯುತ್ತದೆಯೇ?

ದೊಡ್ಡಮಾದಪ್ಪ ಎದ್ದ. ಅವನ ಸೊಪ್ಪು ಆಗಲೇ ಬಲಿತು ಹೋಗಿತ್ತು. "ಮಿಷನ್ ಅಂತೆ! ಅಲ್ಕಣ್ರಿ, ಯಳಂದೂರ್ ಯಾವ್ದು ಹನೂರ್ ಯಾವ್ದು ಅಂತ ಮಿಷನ್‌ಗ ಎಂಗ್ರಿ ಗೊತ್ತಾಯ್ತದೆ? ಅದೇನ್ ಬಸ್ ಬೋರ್ಡ್ ಓದ್ತದಾ?"

ನಗು ಎದ್ದಿತು. ನಗುವಿನ ಕೆಳಗೆ ಗುಸುಗುಸು ಉಳಿಯಿತು. ಶಿವಕುಮಾರಸ್ವಾಮಿ ಕೈ ಎತ್ತಿದ. "ಆಯ್ತು, ಹುಡುಗಿ ಮೇಲೆ ತಪ್ಪಿಲ್ಲ ಅಂತಾನೇ ಇಟ್ಕೊಳ್ಳೋಣ. ಆದ್ರೂ ಪಕ್ಕದಲ್ಲಿ ಕೂತು ನೋಡಿದೋರು ಇದ್ದಾರಲ್ಲ. ಪುಟ್ಟಮಲ್ಲಪ್ಪ, ನೀನೇ ಹೇಳು. ನಿನಗೇನಾದ್ರೂ ಅನುಮಾನ ಉಳಿದಿದೆಯಾ?"

ಇಲ್ಲ ಎನ್ನಲು ಪುಟ್ಟಮಲ್ಲಪ್ಪ ಬಾಯಿ ತೆರೆದ. ತೆರೆದವನಿಗೆ ಆ ಶುಕ್ರವಾರದ ಆಟೋ ಕಣ್ಣಿಗೆ ಬಂತು. ಹೆಸರು ಹೋದದ್ದು ಯಂತ್ರದಿಂದ, ಅದು ಸರಿ. ಆದರೆ ಹುಳು ಮಿಗುವ ದಿನವೇ ಅಷ್ಟು ಬೇಗ ಅವಳ ಅಣ್ಣ ಬಾಗಿಲಿಗೆ ಹೇಗೆ ಬಂದಿದ್ದ? ಯಾರು ಹೇಳಿ ಕಳಿಸಿದರು? ಆ ಗಂಟಿನಲ್ಲಿ ಏನಿತ್ತು? ಅವನು ನಿಧಾನದ ಮನುಷ್ಯ. ಮಾತನ್ನು ತಿರುಗಿಸಿ ತಿರುಗಿಸಿ ನೋಡದೆ ಆಡುವವನಲ್ಲ. ಹಾಗೇ ಬಾಯಿ ತೆರೆದುಕೊಂಡು ನಿಂತುಬಿಟ್ಟ.

ಸಭೆ ಕಾಯಿತು. ರೂಪ ಅವನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ ಸಾ," ಎಂದ ಕೊನೆಗೆ.

ಅಷ್ಟು ಹೊತ್ತಿಗೆ ಅವಳು ಎದ್ದು ಬಂದು ಬೀಗದ ಕೈಯನ್ನು ಸೆಕ್ರೆಟರಿಯ ಮೇಜಿನ ಮೇಲೆ ಇಟ್ಟಾಗಿತ್ತು. "ಸರ್, ನನ್ನ ತೆಗೀಬೇಡಿ. ನಾನೇ ಬಿಡ್ತೀನಿ. ಹನೂರಿನ ಕಡೆಯ ಕುಸುಮ ಕಂಪ್ಯೂಟರ್ ಕಲಿತವಳೆ, ಅವಳನ್ನ ಕೂರ್ಸಿ. ಅವಳಿಗೆ ಎಲ್ಲಾ ಹೇಳ್ಕೊಟ್ಟು ಹೋಗ್ತೀನಿ."

ಬೇಡವೆಂದು ಒಬ್ಬಿಬ್ಬರು ಹೇಳಿದರು, ಜೋರಾಗಿ ಅಲ್ಲ. ಇಲಾಖೆಗೆ ಕಾಗದ ಹೋಗಲಿಲ್ಲ. ಅಷ್ಟು ಮಟ್ಟಿಗೆ ಅವಳ ಹೆಸರು ಉಳಿಯಿತು.

ಕುಸುಮ ಬಂದು ಕೂತಳು. ರೂಪ ಪಕ್ಕದಲ್ಲಿ ನಿಂತು ಎಲ್ಲವನ್ನೂ ತೋರಿಸಿದಳು. ಕೆಂಪು ಸಾಲು ಬಂದರೆ ಯಾರಿಗೆ ಹೇಳಬೇಕು, ಒಂದು ಸಲಕ್ಕೆ ಕೇಳದಿದ್ದರೆ ಮತ್ತೆ ಹೇಗೆ ಹೇಳಬೇಕು, ಅಮಾವಾಸ್ಯೆಗೆ ಆರಿಸುವ ಮೊದಲು ಏನು ನೋಡಿಕೊಳ್ಳಬೇಕು, ಎಲ್ಲ. ಪುಟ್ಟಮಲ್ಲಪ್ಪ ಆ ದಿನಗಳಲ್ಲೂ ಸಂಘಕ್ಕೆ ಬರುತ್ತಿದ್ದ. ಕುರ್ಚಿ ಎಳೆದುಕೊಳ್ಳುತ್ತಿರಲಿಲ್ಲ, ಬಾಗಿಲ ಹತ್ತಿರ ನಿಂತು ಹೋಗುತ್ತಿದ್ದ.

ಕೊನೆಯ ದಿನ ಅವಳು ಬಸ್ಸಿಗೆ ಹೊರಟು ನಿಂತಾಗ ಕೇಳಿಯೇಬಿಟ್ಟ. "ಕೂಸೇ, ಒಂದ್ ಮಾತು. ಅವತ್ತು ಸುಕ್ರವಾರ ನಿನ್ನಣ್ಣ ಅಷ್ಟೊತ್ಗೇ ಎಂಗ್ ಬಂದಿದ್ದ?"

"ಚಾಕಿ ಹಂಚೋ ದಿನ ಅವನು ಯಾವಾಗಲೂ ಹೊತ್ತು ಹುಟ್ಟೋ ಮುಂಚೆ ಬರೋದು ತಾತ. ಆ ದಿನ ನಾನು ಕತ್ತಲಲ್ಲೇ ಎದ್ದು ಬರ್ಬೇಕು, ಮನೇಲಿ ಅಡುಗೆ ಆಗಿರಲ್ಲ. ಅವನೇ ನನ್ನ ಬುತ್ತಿ ತಂದ್ಕೊಡ್ತಾನೆ. ನೀವು ಕಿಟಕಿ ಹತ್ರ ನೋಡಿದ್ದು ಅದೇ."

"ಬುತ್ತಿ," ಎಂದ ಪುಟ್ಟಮಲ್ಲಪ್ಪ.

"ಶನಿವಾರ ಅದೇ ಬಟ್ಟೆ ಬಿಚ್ಚಿ ನಿಮ್ಮನ್ನೂ ಊಟಕ್ಕೆ ಕರೆದ್ನಲ್ಲ."

ಕರೆದಿದ್ದಳು. ಬಟ್ಟೆಯ ಅಂಚಿನ ಹಸಿರು ಗೆರೆ ಕೂಡ ಅವನಿಗೆ ನೆನಪಿತ್ತು. ಎರಡನ್ನೂ ನೋಡಿದ್ದ, ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ, ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ.

"ಅದ್ನ ಅವತ್ತು ಸಭೇಲೇ ಏಳ್ಬೋದಿತ್ತಲ್ಲ ಕೂಸೇ."

"ನೀವು ಕೇಳಿದ್ರೆ ಹೇಳ್ತಿದ್ದೆ. ನೀವು ಬರೀ ನೋಡ್ತಿದ್ರಿ."

ಬಸ್ಸು ಬಂತು. ಅವಳು ಹತ್ತಿ, ಕಿಟಕಿಯಿಂದ ಬಗ್ಗಿ, ಕೆಂದನ ಹೆಸರನ್ನು ಅಳಿಸದೆ ಹಾಗೇ ಬಿಟ್ಟಿದ್ದೇನೆ, ಬೇಕಾದರೆ ಕುಸುಮಳ ಕೈಲಿ ತೆಗೆಸಿಕೊಳ್ಳಿ ಎಂದಳು. ಪುಟ್ಟಮಲ್ಲಪ್ಪ ಅದನ್ನು ಇವತ್ತಿಗೂ ತೆಗೆಸಿಲ್ಲ. ಪ್ರತಿ ಅಮಾವಾಸ್ಯೆಯ ಮಾರನೆ ದಿನ ಬಂದು, ಪುಟ ತೆಗೆಸಿ, ಬೆರಳಿಟ್ಟು ಓದಿ ನೋಡಿ ಹೋಗುತ್ತಾನೆ.

ರೂಪ ಸಂಘ ಬಿಟ್ಟು ಯಳಂದೂರಿಗೆ ಹೋದದ್ದು ಮಾರ್ಗಶಿರದ ಮೊದಲ ಗುರುವಾರ.